ಹುಳ ಸತ್ತರೂ ಮಸುಕು ಯಾಕೆ? ಸೋಂಕಿನ ಹೊತ್ತಲ್ಲಿ ಕಣ್ಣು ತನ್ನ ಗಾಜನ್ನು ಕಾಯುವ ಬಗೆ

ಈ ಸಲದ ಕಬ್ಬು ಕಟಾವಿನಲ್ಲಿ ನಮ್ಮ ಸೋದರಮಾವನ ಕಣ್ಣಿಗೆ ಗರಿ ಬಡಿಯಿತು. ಮಂಡ್ಯ, ಮದ್ದೂರಿನ ನಡುವೆ ನಾಲೆ ಬಯಲಿನ ಊರು ಅವರದು. ಕಬ್ಬಿನ ಗರಿಯ ಅಂಚು ಗರಗಸದ ಹಾಗಿರುತ್ತದೆ, ಕೈ ಮೇಲೆ ಎಳೆದರೆ ರಕ್ತ ಬರುತ್ತದೆ. ಮಾವ ನಾಲೆ ನೀರಲ್ಲಿ ಮುಖ ತೊಳೆದುಕೊಂಡರು, ಟವೆಲ್ಲಿನಿಂದ ಕಣ್ಣು ಒತ್ತಿಕೊಂಡರು, ಸಂಜೆವರೆಗೂ ಕಬ್ಬು ಕಡಿದರು. ಮಾರನೇ ದಿನ ಕಣ್ಣು ಕೆಂಪಾಯಿತು. ಮದ್ರಾಸ್ ಐ ಇರಬೇಕು ಅಂತ ಯಾರೋ ಅಂದರು. ಔಷಧಿ ಅಂಗಡಿಯಿಂದ ಡ್ರಾಪ್ಸ್ ಬಂತು. ಮೂರನೇ ದಿನ ಕರಿಗುಡ್ಡೆಯ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳಿ ಚುಕ್ಕೆ ಕಂಡಿತು. ಅವತ್ತೇ ಮೈಸೂರಿಗೆ ಕರೆದುಕೊಂಡು ಹೋದೆವು.

ಕೆಲವು ವಾರ ಔಷಧ ಹಾಕಿದ ಮೇಲೆ ಸೋಂಕು ಹೋಗಿದೆ ಅಂತ ಡಾಕ್ಟರು ಹೇಳಿದರು. ವಾಪಸ್ ಬರುವಾಗ ಬಸ್ಸು ಶ್ರೀರಂಗಪಟ್ಟಣ ದಾಟುತ್ತಿತ್ತು. ಮಾವ ಒಳ್ಳೆ ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಇನ್ನೊಂದರಲ್ಲಿ ಕಿಟಕಿಯ ಆಚೆ ನೋಡಿದರು.

"ಹುಳ ಸತ್ತೋಯ್ತು ಅಂತಾರೆ ಕಣಪ್ಪ. ಮಸುಕು ಮಾತ್ರ ಅಂಗೇ ಅದಲ್ಲ, ಯಾಕೆ?"

ತುಂಬ ಸರಿಯಾದ ಪ್ರಶ್ನೆ ಅದು. ಕೈಗೆ ಗಾಯವಾಗಿ ಕೀವು ತುಂಬಿ ಒಣಗಿದರೆ ಕೈ ಮೊದಲಿನ ಹಾಗೇ ಕೆಲಸ ಮಾಡುತ್ತದೆ. ಕಣ್ಣು ಯಾಕೆ ಹಾಗಲ್ಲ? ಇದಕ್ಕೆ ಉತ್ತರ ಬೇಕಾದರೆ ಸೋಂಕಿನ ಹೊತ್ತಲ್ಲಿ ಕಣ್ಣಿನ ಒಳಗೆ ಏನೇನು ನಡೆಯುತ್ತದೆ ಅಂತ ನೋಡಬೇಕು. ಅಲ್ಲಿ ಅಪಾಯ ಎರಡು ಕಡೆಯಿಂದ ಬರುತ್ತದೆ. ಒಂದು ಹುಳದಿಂದ, ಅಂದರೆ ಬ್ಯಾಕ್ಟೀರಿಯಾದಿಂದ. ಇನ್ನೊಂದು, ಆ ಹುಳವನ್ನು ಕೊಲ್ಲಲು ಬರುವ ನಮ್ಮದೇ ರಕ್ತಕಣಗಳಿಂದ. ಎರಡರಿಂದಲೂ ಕಣ್ಣು ತನ್ನನ್ನು ಕಾಪಾಡಿಕೊಳ್ಳಬೇಕು.

ಕರಿಗುಡ್ಡೆ ಕಪ್ಪಗಿಲ್ಲ

ನಾವು ಕರಿಗುಡ್ಡೆ ಅನ್ನುತ್ತೇವೆ. ಆದರೆ ಅದರ ಮೇಲ್ಭಾಗ ಕಪ್ಪಗಿಲ್ಲ. ಕೈಗಡಿಯಾರದ ಮುಳ್ಳುಗಳ ಮೇಲೆ ಗಾಜು ಇರುತ್ತದಲ್ಲ, ಹಾಗೆ ಕಣ್ಣಿನ ಮುಂದೆ ಒಂದು ತಿಳಿಯಾದ ಪದರ ಇದೆ. ಅದರ ಹೆಸರು ಕಾರ್ನಿಯಾ. ಅದರ ಹಿಂದಿರುವ ಕಂದು ಪರದೆ, ನಡುವಿನ ಪಾಪೆ ನಮಗೆ ಕಪ್ಪಗೆ ಕಾಣುತ್ತವೆ, ಅಷ್ಟೇ.

ಈ ಗಾಜಿನ ದಪ್ಪ ನಡುಮಧ್ಯದಲ್ಲಿ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಕೊಲಾಜೆನ್ ಅನ್ನುವ ಎಳೆಗಳ ಪದರ. ನಮ್ಮ ಚರ್ಮದಲ್ಲೂ, ಮೂಳೆಯಲ್ಲೂ ಇರುವುದು ಇದೇ ಜಾತಿಯ ಎಳೆ. ಹಾಗಾದರೆ ಚರ್ಮದ ಮೂಲಕ ಆಚೆ ಕಾಣುವುದಿಲ್ಲ, ಕಾರ್ನಿಯಾದ ಮೂಲಕ ಮಾತ್ರ ಹೇಗೆ ಕಾಣುತ್ತದೆ?

ಎಳೆಗಳನ್ನು ಜೋಡಿಸಿರುವ ರೀತಿಯಿಂದ. ಹಗ್ಗ ಹಿಡಿದು ಸಾಲು ನಾಟಿ ಮಾಡಿದ ಗದ್ದೆಯ ಬದುವಿನ ಮೇಲೆ ನಿಂತು ನೋಡಿ. ಪೈರಿನ ಸಾಲುಗಳ ನಡುವೆ ಆ ಕಡೆಯ ಬದು ಕಾಣುತ್ತದೆ. ಅದೇ ಪೈರನ್ನು ಮನಸ್ಸಿಗೆ ಬಂದ ಹಾಗೆ ಚೆಲ್ಲಿ ನೆಟ್ಟರೆ ನಾಲ್ಕು ಮಾರಿನ ಆಚೆ ಏನೂ ಕಾಣುವುದಿಲ್ಲ. ಕಾರ್ನಿಯಾದಲ್ಲಿ ಎಳೆಗಳು ಒಂದೇ ಗಾತ್ರ, ಒಂದೇ ಅಂತರ ಕಾಯ್ದುಕೊಂಡಿರುತ್ತವೆ. ಅಂಥ ತೆಳು ಹಾಸುಗಳು ಇನ್ನೂರಕ್ಕೂ ಜಾಸ್ತಿ, ಒಂದರ ಮೇಲೊಂದು. ಬೆಳಕು ಚದುರದೆ ಒಳಗೆ ಹೋಗುತ್ತದೆ.

ಈ ಸಾಲು ಕೆಡದೆ ಇರಲು ಇನ್ನೆರಡು ಏರ್ಪಾಡು ಇವೆ. ಒಂದು, ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ. ಕಣ್ಣು ತೆರೆದಿರುವಾಗ ಅದಕ್ಕೆ ಬೇಕಾದ ಆಮ್ಲಜನಕ ಬಹುಪಾಲು ನೇರ ಗಾಳಿಯಿಂದ, ಕಣ್ಣೀರಿನಲ್ಲಿ ಕರಗಿ ಬರುತ್ತದೆ. ಉಳಿದ ಪೋಷಣೆ ಮುಖ್ಯವಾಗಿ ಹಿಂದುಗಡೆಯ ನೀರಿನಿಂದ. ಎರಡು, ಕಾರ್ನಿಯಾದ ಹಿಂಬದಿಯಲ್ಲಿ ಒಂದೇ ಸಾಲಿನ ಜೀವಕೋಶಗಳಿವೆ. ಅವು ಹಗಲೂ ರಾತ್ರಿ ಪಂಪ್‌ಸೆಟ್ಟಿನ ಹಾಗೆ ನೀರು ಹೊರಗೆ ಹಾಕುತ್ತಲೇ ಇರುತ್ತವೆ. ಅವು ನಿಂತರೆ ಕಾರ್ನಿಯಾ ನೀರು ಕುಡಿದು ಊದಿಕೊಳ್ಳುತ್ತದೆ, ಮಂಜಾಗುತ್ತದೆ. ಮನುಷ್ಯರಲ್ಲಿ ಈ ಪಂಪಿನ ಕೋಶಗಳು ಸತ್ತರೆ ಅವುಗಳ ಜಾಗಕ್ಕೆ ಹೊಸವು ಹುಟ್ಟುವುದಿಲ್ಲ ಎನ್ನಬಹುದು.

ಮಾವನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಚರ್ಮ ಹರಿದರೆ ದೇಹ ಸಿಕ್ಕಿದ ಎಳೆಗಳನ್ನು ಅಡ್ಡಾದಿಡ್ಡಿ ತುಂಬಿ ತೇಪೆ ಹಾಕುತ್ತದೆ. ಚರ್ಮಕ್ಕೆ ಅಷ್ಟು ಸಾಕು. ಗಾಜಿಗೆ ಅದೇ ತೇಪೆ ಹಾಕಿದರೆ ಅದರ ಮೂಲಕ ನೋಡಲಾಗುವುದಿಲ್ಲ. ನಮ್ಮ ಕಡೆ ಹಿರಿಯರು "ಕಣ್ಣಲ್ಲಿ ಹೂವು ಬಿದ್ದಿದೆ" ಅನ್ನುವುದು ಈ ತೇಪೆಗೇ.

ಮೊದಲ ಏರಿ: ಕಣ್ಣೀರು

ಕಣ್ಣು ಯಾವಾಗಲೂ ತೆರೆದ ಗಾಯದಷ್ಟೇ ಒದ್ದೆ, ಬೆಚ್ಚಗೆ. ಬ್ಯಾಕ್ಟೀರಿಯಾ ಬೆಳೆಯಲು ಇದಕ್ಕಿಂತ ಒಳ್ಳೆ ಜಾಗ ಬೇಕಾ? ದೂಳು, ಹೊಗೆ, ಆಲೆಮನೆಯ ಮಸಿ, ಭತ್ತದ ಸುಂಕು ಎಲ್ಲ ಬಂದು ಬೀಳುತ್ತವೆ. ಆದರೂ ಬಹುತೇಕ ಜನರಿಗೆ ಬಹುತೇಕ ದಿನ ಏನೂ ಆಗುವುದಿಲ್ಲ. ಕಾರಣ ಕಣ್ಣೀರು.

ಕಣ್ಣಿನ ಮೇಲೆ ಒಂದು ಹೊತ್ತಿಗೆ ಇರುವ ಕಣ್ಣೀರು ತೀರಾ ಸ್ವಲ್ಪ. ಸುಮಾರು 7 ಮೈಕ್ರೋಲೀಟರ್. ಡ್ರಾಪ್ಸ್ ಬಾಟಲಿಯಿಂದ ಬೀಳುವ ಒಂದು ಹನಿ ಅದರ ಐದಾರು ಪಟ್ಟು. ಒಂದೇ ಸಲ ಎರಡು ಮೂರು ಹನಿ ಹಾಕಿದರೆ ಕೆನ್ನೆ ಮೇಲೆ ಇಳಿದುಹೋಗುತ್ತದೆಯೇ ಹೊರತು ಲಾಭವಿಲ್ಲ. ಎರಡು ಬೇರೆ ಔಷಧ ಇದ್ದರೆ ನಡುವೆ ಐದು ನಿಮಿಷ ಬಿಡಿ ಅಂತ ಹೇಳುವುದು ಇದಕ್ಕೇ.

ಈ ಸ್ವಲ್ಪ ನೀರಿನಲ್ಲಿ ಏನೇನಿದೆ ಗೊತ್ತಾ? ಒಂದು ಲೈಸೋಝೈಮ್. ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕತ್ತರಿಸುವ ಕಿಣ್ವ. ಇದನ್ನು ಕಂಡುಹಿಡಿದವರು ಅಲೆಕ್ಸಾಂಡರ್ ಫ್ಲೆಮಿಂಗ್. ಪೆನ್ಸಿಲಿನ್ ಅವರ ಕಣ್ಣಿಗೆ ಬಿದ್ದದ್ದು 1928ರಲ್ಲಿ. ಅದಕ್ಕೂ ಮೊದಲೇ, 1922ರಲ್ಲಿ, ಲೈಸೋಝೈಮ್ ಬಗ್ಗೆ ಬರೆದಿದ್ದರು. ಮೊದಲು ಸಿಕ್ಕಿದ್ದು ಮೂಗಿನ ಸಿಂಬಳದಲ್ಲಿ. ಆಮೇಲೆ ಕಣ್ಣೀರಲ್ಲೂ ಇದೆ ಅಂತ ಗೊತ್ತಾದಾಗ ಪ್ರಯೋಗಕ್ಕೆ ಕಣ್ಣೀರು ಬೇಕಾಯಿತು. ನಿಂಬೆ ಸಿಪ್ಪೆ ಹಿಂಡಿ, ತಮ್ಮ ಮತ್ತು ಜೊತೆಯವರ ಕಣ್ಣಲ್ಲಿ ನೀರು ಬರಿಸಿ ಹಿಡಿದಿಟ್ಟುಕೊಂಡರು.

ಇನ್ನೊಂದು ಲ್ಯಾಕ್ಟೋಫೆರಿನ್. ಬ್ಯಾಕ್ಟೀರಿಯಾಕ್ಕೆ ಬೆಳೆಯಲು ಕಬ್ಬಿಣದ ಅಂಶ ಬೇಕೇ ಬೇಕು. ಇದು ಅದನ್ನು ಮೊದಲೇ ಹಿಡಿದಿಟ್ಟುಕೊಂಡು ಅವುಗಳನ್ನು ಉಪವಾಸ ಕೆಡವುತ್ತದೆ. ಐಜಿಎ ಅನ್ನುವ ಪ್ರತಿಕಾಯಗಳು ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು, ಅವು ಕಣ್ಣಿಗೆ ಅಂಟದ ಹಾಗೆ ಮಾಡುತ್ತವೆ. ಕಣ್ಣೀರಿನ ತಳದಲ್ಲಿ ಲೋಳೆ ಇದೆ, ಜಾರುವ ನೆಲದ ಹಾಗೆ. ಇವೆಲ್ಲವನ್ನೂ ರೆಪ್ಪೆ ನಿಮಿಷಕ್ಕೆ ಹದಿನೈದು ಸಲವಾದರೂ ಗುಡಿಸಿ ಮೂಗಿನ ಕಡೆಯ ಮೂಲೆಗೆ ತಳ್ಳುತ್ತದೆ.

ನಿದ್ದೆಯಲ್ಲಿ ರೆಪ್ಪೆ ಆಡುವುದಿಲ್ಲ. ಆಗ ಕಾವಲಿಗೆ ಬೇರೆಯವರು ಬರುತ್ತಾರೆ. ರಾತ್ರಿ ಮುಚ್ಚಿದ ರೆಪ್ಪೆಯ ಕೆಳಗೆ ಬಿಳಿ ರಕ್ತಕಣಗಳು ಸಾಲುಗಟ್ಟಿ ಇಳಿಯುತ್ತವೆ. ಬೆಳಗ್ಗೆ ಕಣ್ಣಿನ ಮೂಲೆಯಲ್ಲಿ ಒಂಚೂರು ಗೀಜು ಇರುತ್ತದಲ್ಲ, ಅದರಲ್ಲಿ ಲೋಳೆ, ಎಣ್ಣೆ, ಉದುರಿದ ಕೋಶಗಳ ಜೊತೆ ಈ ರಾತ್ರಿಪಾಳಿಯ ಕಣಗಳೂ ಇರುತ್ತವೆ.

ಎರಡನೇ ಏರಿ: ಮೇಲ್ಪದರ

ಕಣ್ಣೀರನ್ನು ದಾಟಿ ಬಂದ ಬ್ಯಾಕ್ಟೀರಿಯಾಕ್ಕೆ ಎದುರಾಗುವುದು ಕಾರ್ನಿಯಾದ ಮೇಲ್ಪದರ. ಐದರಿಂದ ಏಳು ಸಾಲು ಕೋಶಗಳು, ಒಂದಕ್ಕೊಂದು ಬಿಗಿಯಾಗಿ ಹೊಲಿದ ಹಾಗೆ. ಮೇಲಿನ ಸಾಲು ಉದುರುತ್ತಾ ಇರುತ್ತದೆ, ಜೊತೆಗೆ ಅಂಟಿಕೊಂಡ ಬ್ಯಾಕ್ಟೀರಿಯಾವನ್ನೂ ತೆಗೆದುಕೊಂಡು ಹೋಗುತ್ತದೆ. ಕರಿಗುಡ್ಡೆ, ಬಿಳಿಗುಡ್ಡೆ ಸೇರುವ ಅಂಚಿನಲ್ಲಿ ಹೊಸ ಕೋಶಗಳ ಮಡಿ ಇದೆ. ಅಲ್ಲಿಂದ ಸಸಿ ಹೊರಟ ಹಾಗೆ ಕೋಶಗಳು ಬರುತ್ತಲೇ ಇರುತ್ತವೆ. ಒಂದು ವಾರ, ಹತ್ತು ದಿನದಲ್ಲಿ ಇಡೀ ಮೇಲ್ಪದರ ಹೊಸದಾಗುತ್ತದೆ.

ಈ ಪದರದಲ್ಲಿರುವಷ್ಟು ನೋವಿನ ನರಗಳು ದೇಹದಲ್ಲಿ ಬೇರೆಲ್ಲೂ ಇಲ್ಲ. ಚರ್ಮಕ್ಕಿಂತ ನೂರಾರು ಪಟ್ಟು ಜಾಸ್ತಿ. ಒಂದು ಸುಂಕು ಬಿದ್ದರೂ ಕಣ್ಣು ತಟ್ಟನೆ ಮುಚ್ಚಿ ನೀರು ಸುರಿಸುವುದು ಅದಕ್ಕೇ. ನೋವು ಇಲ್ಲಿ ಕಾವಲುನಾಯಿ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ, ಕಣ್ಣಿಗೆ ಸರ್ಪಸುತ್ತು ಆಗಿಹೋದವರಲ್ಲಿ ಈ ನರಗಳು ಮಂಕಾಗಿರಬಹುದು. ಅವರಿಗೆ ಗಾಯವಾದದ್ದೇ ಗೊತ್ತಾಗುವುದಿಲ್ಲ, ವಾಸಿಯಾಗುವುದೂ ನಿಧಾನ.

ಮೇಲ್ಪದರ ಹರಿಯದೆ ಇದ್ದರೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಒಳಗೆ ಬರಲಾರವು. ಹರಿಯುವುದು ಹೇಗೆ? ನಮ್ಮ ಕಡೆ ಮುಖ್ಯವಾಗಿ ಗರಿ, ಕಡ್ಡಿ, ಭತ್ತದ ಕಾಳು, ಮಣ್ಣು. ಪೇಟೆಯಲ್ಲಿ ಕಾಂಟ್ಯಾಕ್ಟ್ ಲೆನ್ಸ್, ಅದರಲ್ಲೂ ಲೆನ್ಸ್ ಹಾಕಿಕೊಂಡೇ ಮಲಗುವುದು. ಲೆನ್ಸ್ ಕೆಳಗೆ ಕಣ್ಣೀರು ಓಡಾಡುವುದಿಲ್ಲ, ಗಾಳಿ ಕಡಿಮೆ. ಸ್ಯೂಡೊಮೊನಾಸ್ ಅನ್ನುವ ನೀರಿನ ಬ್ಯಾಕ್ಟೀರಿಯಾಕ್ಕೆ ಅದು ಮನೆ ಕಟ್ಟಿಕೊಟ್ಟ ಹಾಗೆ.

ಆಸ್ಪತ್ರೆಯಲ್ಲಿ ಮಾವನ ಕಣ್ಣಿಗೆ ಮೊದಲು ಮಾಡಿದ್ದು ಒಂದು ಸಣ್ಣ ಪರೀಕ್ಷೆ. ಕಿತ್ತಳೆ ಬಣ್ಣ ಹಚ್ಚಿದ ಕಾಗದದ ಪಟ್ಟಿಯ ತುದಿಯನ್ನು ಒದ್ದೆ ಮಾಡಿ ಕೆಳರೆಪ್ಪೆಯ ಒಳಗೆ ತಾಕಿಸಿದರು. ಆಮೇಲೆ ನೀಲಿ ದೀಪ ಬಿಟ್ಟರು. ಮೇಲ್ಪದರ ಇದ್ದ ಕಡೆ ಏನೂ ಇಲ್ಲ. ಹರಿದಿದ್ದ ಕಡೆ ಎಳೆ ಹುಲ್ಲಿನ ಹಸಿರು ಹೊಳೆಯಿತು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಗರಿ ಎಳೆದ ಗೆರೆ, ಅದರ ಒಂದು ತುದಿಯಲ್ಲಿ ಅಗಲವಾಗಿದ್ದ ಹುಣ್ಣು, ಎರಡೂ ಬೇರೆಬೇರೆಯಾಗಿ ಕಾಣುತ್ತಿದ್ದವು.

ಏರಿ ಒಡೆದಾಗ

ಬ್ಯಾಕ್ಟೀರಿಯಾ ಒಳಗೆ ನುಗ್ಗಿದ ತಕ್ಷಣ ಅದನ್ನು ಗುರುತು ಹಿಡಿಯುವುದು ಅಲ್ಲೇ ಇರುವ ಕೋಶಗಳು. ಬ್ಯಾಕ್ಟೀರಿಯಾದ ಗೋಡೆಯ ಚೂರು, ಬಾಲದ ಚೂರು ಇವುಗಳನ್ನು ತಡವಿ ತಿಳಿದುಕೊಳ್ಳುವ ಕೊಂಡಿಗಳು ಅವುಗಳ ಮೈಮೇಲೆ ಇವೆ. ಗುರುತು ಸಿಕ್ಕಿದ ಕೂಡಲೇ ರಾಸಾಯನಿಕ ಕೂಗು ಹೊರಡುತ್ತದೆ. ಬಿಳಿಗುಡ್ಡೆಯ ರಕ್ತನಾಳಗಳು ಅಗಲವಾಗುತ್ತವೆ. ಕಣ್ಣು ಕೆಂಪಾಯಿತು ಅಂತ ನಾವು ಹೇಳುವುದು ಇದನ್ನೇ. ಕೆಂಪು ಅನ್ನುವುದು ಪಡೆ ಹೊರಟ ಗುರುತು.

ಹೊರಡುವ ಪಡೆಯ ಹೆಸರು ನ್ಯೂಟ್ರೋಫಿಲ್. ಬಿಳಿ ರಕ್ತಕಣಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು, ಎಲ್ಲಕ್ಕಿಂತ ಮೊದಲು ಬರುವುದು ಇದೇ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲದ್ದರಿಂದ ಅಂಚಿನಲ್ಲಿ ಇಳಿದು, ಎಳೆಗಳ ನಡುವೆ ತೆವಳಿಕೊಂಡು ಹೋಗಬೇಕು. ಅವು ಬ್ಯಾಕ್ಟೀರಿಯಾವನ್ನು ನುಂಗುತ್ತವೆ. ಬ್ಲೀಚಿಂಗ್ ನೀರಿನಂಥ ರಾಸಾಯನಿಕ ಉಗುಳುತ್ತವೆ. ಪ್ರೋಟೀನ್ ಕರಗಿಸುವ ಕಿಣ್ವಗಳನ್ನು ಚೆಲ್ಲುತ್ತವೆ. ಕೊನೆಗೆ ಕೆಲವು ತಮ್ಮ ಡಿಎನ್‌ಎಯನ್ನೇ ಬಲೆಯ ಹಾಗೆ ಬಿಚ್ಚಿ ಬೀಸಿ ಸಾಯುತ್ತವೆ. ಮಾವನ ಕಣ್ಣಲ್ಲಿ ಕಂಡ ನುಚ್ಚಿನಷ್ಟು ಬಿಳಿ ಚುಕ್ಕೆ ಬರೀ ಹುಳದ್ದಲ್ಲ. ಹೆಚ್ಚಿನ ಪಾಲು ಈ ಕಣಗಳ ಗುಂಪು. ಜೋರಾದಾಗ ಕಾರ್ನಿಯಾದ ಹಿಂದಿನ ನೀರಿನಲ್ಲೂ ಅವು ಇಳಿದು, ತಳದಲ್ಲಿ ಅರ್ಧಚಂದ್ರದ ಹಾಗೆ ಕೀವಾಗಿ ನಿಲ್ಲುತ್ತವೆ.

ಇಲ್ಲಿಯೇ ತೊಂದರೆ. ಆ ಕಿಣ್ವಗಳಿಗೆ ಬ್ಯಾಕ್ಟೀರಿಯಾ ಯಾವುದು, ಕೊಲಾಜೆನ್ ಎಳೆ ಯಾವುದು ಅಂತ ಭೇದವಿಲ್ಲ. ಸಾಲು ನಾಟಿ ಮಾಡಿದ ಗದ್ದೆಯೊಳಗೆ ಹಂದಿ ಓಡಿಸಲು ಹತ್ತು ಜನ ನುಗ್ಗಿದರೆ ಏನಾಗುತ್ತದೆ? ಹಂದಿ ತುಳಿದದ್ದು ಒಂದಿಷ್ಟು, ಓಡಿಸಲು ಹೋದವರು ತುಳಿದದ್ದು ಇನ್ನೊಂದಿಷ್ಟು. ಬ್ಯಾಕ್ಟೀರಿಯಾ ಕೂಡ ತನ್ನ ಪಾಲಿನ ಕಿಣ್ವ ಸುರಿಸುತ್ತದೆ. ಸ್ಯೂಡೊಮೊನಾಸ್ ಆಗಿದ್ದರೆ ಎರಡೂ ಸೇರಿ ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ಕರಗಿಸಿ ತೂತು ಮಾಡಿಬಿಡಬಹುದು.

ನೀರುಗಂಟಿಯ ಕೆಲಸ

ನಾಲೆ ಬಯಲಿನವರಿಗೆ ನೀರುಗಂಟಿ ಗೊತ್ತು. ಯಾರ ಗದ್ದೆಗೆ ಎಷ್ಟು ನೀರು, ಯಾವಾಗ ತೂಬು ತೆಗೆಯಬೇಕು, ಯಾವಾಗ ಮುಚ್ಚಬೇಕು ಅಂತ ನೋಡಿಕೊಳ್ಳುವವರು. ನೀರು ಬಾರದಿದ್ದರೆ ಪೈರು ಒಣಗುತ್ತದೆ, ತೂಬು ತೆಗೆದು ಹಾಗೇ ಬಿಟ್ಟರೆ ಕೊಚ್ಚಿಹೋಗುತ್ತದೆ. ಕಣ್ಣಿನಲ್ಲಿ ಈ ಕೆಲಸ ಮಾಡುವ ಏರ್ಪಾಡು ಒಂದಲ್ಲ, ಹಲವು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಅಚ್ಚರಿಯ ಭಾಗ ಇದು.

ಮೊದಲನೆಯದು, ಕಿಣ್ವಗಳಿಗೆ ಬಿರಡೆ. ಕೊಲಾಜೆನ್ ಕತ್ತರಿಸುವ ಕಿಣ್ವದ ಬಾಯಿಗೆ ಸರಿಯಾಗಿ ಕೂರುವ ತಡೆ ಪ್ರೋಟೀನುಗಳನ್ನು ಕಾರ್ನಿಯಾದ ಕೋಶಗಳೇ ಮಾಡುತ್ತವೆ. ಕಣ್ಣೀರಿನಲ್ಲೂ ಅಂಥವು ಇವೆ. ಬಾಯಿ ಮುಚ್ಚಿದ ಕಿಣ್ವ ಕತ್ತರಿಸಲಾರದು. ಕಿಣ್ವ ಜಾಸ್ತಿಯಾಗಿ ಬಿರಡೆ ಸಾಲದೆ ಹೋದಾಗ ಮಾತ್ರ ಗಾಜು ಕರಗುತ್ತದೆ.

ಎರಡನೆಯದು, ಬಂದವರನ್ನು ವಾಪಸ್ ಕಳಿಸುವುದು. ನ್ಯೂಟ್ರೋಫಿಲ್ ಆಯುಸ್ಸು ಕಡಿಮೆ. ಕಣ್ಣಿನ ಕೆಲವು ಕೋಶಗಳ ಮೈಮೇಲೆ ಫಾಸ್ ಲಿಗ್ಯಾಂಡ್ ಅನ್ನುವ ಒಂದು ಗುರುತು ಇದೆ. ಒಳಗೆ ಬಂದ ರಕ್ಷಣಾ ಕೋಶ ಅದಕ್ಕೆ ತಾಕಿದರೆ, ಸಿಡಿಯದೆ, ಸುಮ್ನೆ ಒಳಗೊಳಗೇ ಮುದುಡಿ ಸಾಯುತ್ತದೆ. ಸಿಡಿದು ಸತ್ತರೆ ಅದರ ಹೊಟ್ಟೆಯ ಕಿಣ್ವವೆಲ್ಲ ಚೆಲ್ಲುತ್ತದೆ. ಮುದುಡಿ ಸತ್ತರೆ ಚೆಲ್ಲುವುದಿಲ್ಲ. ಮ್ಯಾಕ್ರೋಫೇಜ್ ಅನ್ನುವ ದೊಡ್ಡ ಕೋಶಗಳು ಬಂದು ಆ ಹೆಣಗಳನ್ನು ನುಂಗುತ್ತವೆ. ನುಂಗಿದ ಮೇಲೆ "ಇನ್ನು ಸಾಕು" ಅನ್ನುವ ಸಂದೇಶವನ್ನು ಅವೇ ಕಳಿಸುತ್ತವೆ. ಉರಿಯೂತ ನಿಲ್ಲುವುದು ಔಷಧ ಮುಗಿದ ಹಾಗೆ ತಾನಾಗಿ ಅಲ್ಲ. ಅದನ್ನು ನಿಲ್ಲಿಸುವ ಕೆಲಸವೇ ಬೇರೆ ಇದೆ.

ಮೂರನೆಯದು, ರಕ್ತನಾಳಗಳನ್ನು ಗಡಿಯಲ್ಲೇ ತಡೆಯುವುದು. ಎಲ್ಲಿ ಗಾಯವಾದರೂ ದೇಹ ಅಲ್ಲಿಗೆ ಹೊಸ ರಕ್ತನಾಳ ಬೆಳೆಸಲು ನೋಡುತ್ತದೆ. ಕಾರ್ನಿಯಾದೊಳಗೆ ಹಾಗೆ ಬೆಳೆದರೆ ದೃಷ್ಟಿ ಕೆಡುತ್ತದೆ. ಅದಕ್ಕೆ ಕಾರ್ನಿಯಾ ಒಂದು ಉಪಾಯ ಮಾಡಿದೆ. ರಕ್ತನಾಳ ಬೆಳೆಯಲು ಬೇಕಾದ ಸಂದೇಶವನ್ನು ನಡುದಾರಿಯಲ್ಲೇ ಹಿಡಿದು ನುಂಗುವ ಪ್ರೋಟೀನ್ ಒಂದನ್ನು ತಾನೇ ತಯಾರಿಸಿ ತುಂಬಿಟ್ಟುಕೊಂಡಿರುತ್ತದೆ. ಇದು ಸ್ಪಷ್ಟವಾದದ್ದು 2006ರಲ್ಲಿ.

ಇನ್ನು ಬಲೆಯ ವಿಷಯ. ನ್ಯೂಟ್ರೋಫಿಲ್ ಬೀಸುವ ಡಿಎನ್‌ಎ ಬಲೆ ಅಂಗಾಂಶಕ್ಕೆ ಹಾನಿ ಮಾಡುತ್ತದೆ ಅಂತಲೇ ಹೆಚ್ಚಾಗಿ ಕೇಳುತ್ತೇವೆ. ಆದರೆ 2019ರಲ್ಲಿ ಕೆನಡಾದ ಕ್ಯಾಲ್ಗರಿಯ ವಿಜ್ಞಾನಿಗಳು ಇಲಿಗಳ ಕಣ್ಣಿನಲ್ಲಿ ಇನ್ನೊಂದು ಮುಖ ಕಂಡರು. ಸ್ಯೂಡೊಮೊನಾಸ್ ಕಾಂಟ್ಯಾಕ್ಟ್ ಲೆನ್ಸಿನ ಮೇಲೆ ಲೋಳೆಗೂಡು ಕಟ್ಟಿ ಕುಳಿತಾಗ ನ್ಯೂಟ್ರೋಫಿಲ್‌ಗಳು ಅದನ್ನು ಪೂರ್ತಿ ಕೊಲ್ಲಲು ಆಗಲಿಲ್ಲ. ಬದಲಿಗೆ ಬಲೆಗಳನ್ನು ಒತ್ತೊತ್ತಾಗಿ ಹೆಣೆದು ಒಂದು ಗೋಡೆ ಎಬ್ಬಿಸಿದವು. ಬ್ಯಾಕ್ಟೀರಿಯಾ ಕಣ್ಣಿನ ಹೊರಮೈಯಲ್ಲೇ ಸಿಕ್ಕಿಕೊಂಡಿತು. ಬಲೆ ಕಟ್ಟಲು ಆಗದ ಇಲಿಗಳಲ್ಲಿ ಅದು ಮೆದುಳಿನವರೆಗೂ ಹೋಯಿತು. ಅಂದರೆ ಒಂದೇ ಆಯುಧ, ಜಾಗ ಮತ್ತು ಅಳತೆ ನೋಡಿ ಕಾಯುತ್ತದೆ ಇಲ್ಲವೇ ಕೆಡಿಸುತ್ತದೆ.

ರಿಯಾಯಿತಿ ಇರುವ ಜಾಗ

1940ರ ದಶಕದಲ್ಲಿ ಬ್ರಿಟನ್ನಿನ ಪೀಟರ್ ಮೆಡವಾರ್ ಒಂದು ಮೊಲದ ಚರ್ಮದ ಚೂರನ್ನು ಇನ್ನೊಂದು ಮೊಲದ ಕಣ್ಣೊಳಗೆ ಇಟ್ಟು ನೋಡಿದರು. ಬೇರೆಲ್ಲಿ ಇಟ್ಟರೂ ದೇಹ ಅದನ್ನು ಪರಕೀಯ ಅಂತ ಬೇಗ ನಾಶ ಮಾಡುತ್ತಿತ್ತು. ಕಣ್ಣೊಳಗೆ ಅದು ಉಳಿಯಿತು. ಮುಂದೆ 1960ರಲ್ಲಿ ಅವರಿಗೆ ನೊಬೆಲ್ ಬಂತು; ದೇಹ ಪರಕೀಯವನ್ನು ಸಹಿಸುವುದು ಹೇಗೆ ಎನ್ನುವ ಕೆಲಸಕ್ಕೆ. ಕಣ್ಣಿನ ಈ ಗುಣಕ್ಕೆ ರೋಗನಿರೋಧಕ ರಿಯಾಯಿತಿ ಅಂತ ಹೇಳಬಹುದು. ರಕ್ಷಣಾ ಪಡೆ ಇಲ್ಲ ಅಂತಲ್ಲ. ಒಳಗೆ ಬಂದರೆ ದನಿ ತಗ್ಗಿಸಿ ಇರಬೇಕು ಅನ್ನುವ ಕಟ್ಟಳೆ ಇದೆ.

ಇದರಿಂದ ಮನುಷ್ಯರಿಗೆ ಆದ ಉಪಕಾರ ಸಣ್ಣದಲ್ಲ. ಮೂತ್ರಪಿಂಡ ಕಸಿ ಮಾಡಲು ಎಷ್ಟೊಂದು ಹೊಂದಾಣಿಕೆ ನೋಡಬೇಕು. ಕಾರ್ನಿಯಾ ಕಸಿಗೆ ಸಾಮಾನ್ಯವಾಗಿ ರಕ್ತದ ಗುಂಪನ್ನೂ ನೋಡುವುದಿಲ್ಲ. ಮನುಷ್ಯರ ನಡುವೆ ಯಶಸ್ವಿಯಾದ ಮೊದಲ ಕಾರ್ನಿಯಾ ಕಸಿ ನಡೆದದ್ದು 1905ರಲ್ಲಿ, ಈಗಿನ ಜೆಕ್ ದೇಶದ ಊರೊಂದರಲ್ಲಿ. ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಕೂಲಿಯವರೊಬ್ಬರಿಗೆ ಎಡ್ವರ್ಡ್ ಝಿರ್ಮ್ ಅನ್ನುವ ವೈದ್ಯರು ಮಾಡಿದ್ದು. ಆಗ ನಿರೋಧಕ ಶಕ್ತಿ ತಗ್ಗಿಸುವ ಔಷಧಗಳೇ ಇರಲಿಲ್ಲ. ನಮಗೆ ಹತ್ತಿರದ ನೆನಪು 2021ರ ಅಕ್ಟೋಬರ್‌ನದು. ಪುನೀತ್ ರಾಜ್‌ಕುಮಾರ್ ಹೋದ ದಿನ ಅವರ ಕಣ್ಣುಗಳನ್ನು ದಾನ ಮಾಡಿದರು. ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ನಾಲ್ಕು ಜನರಿಗೆ ಹಾಕಿದರು. ಅದಕ್ಕೂ ಮೊದಲು 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳೂ ಹಾಗೇ ದಾನವಾಗಿದ್ದವು. ಈ ಊರುಗಳಲ್ಲಿ ಕಣ್ಣುದಾನದ ಮಾತು ಬಂದರೆ ಈಗಲೂ ಮೊದಲು ಬಾಯಿಗೆ ಬರುವುದು ಆ ಹೆಸರುಗಳೇ.

ಆದರೆ ಜೋರಾದ ಸೋಂಕು ಬಂದುಹೋದ ಕಣ್ಣಿನಲ್ಲಿ ಈ ರಿಯಾಯಿತಿ ಸಡಿಲವಾಗುತ್ತದೆ. ರಕ್ತನಾಳಗಳು ಗಡಿ ದಾಟಿ ಒಳಗೆ ಬೆಳೆದಿದ್ದರೆ ಕಸಿಯನ್ನು ದೇಹ ತಿರಸ್ಕರಿಸುವ ಸಂಭವ ಜಾಸ್ತಿ. ಆಮೇಲೆ ಕಸಿ ಮಾಡಿಸಿದರಾಯಿತು ಅಂತ ಮೊದಲ ವಾರ ಉದಾಸೀನ ಮಾಡುವ ಹಾಗಿಲ್ಲ.

ಔಷಧ ಎಲ್ಲಿ ಕೈಜೋಡಿಸುತ್ತದೆ, ಎಲ್ಲಿ ಕೈಕೊಡುತ್ತದೆ

ಹುಣ್ಣಿನಿಂದ ಒಂದಿಷ್ಟು ಕೆರೆದು ತೆಗೆದು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅರವಳಿಕೆ ಹನಿ ಹಾಕಿ ಮಾಡುವುದರಿಂದ ನೋವಾಗುವುದಿಲ್ಲ. ಇದನ್ನು ಬೇಡ ಅನ್ನಬೇಡಿ. ದಕ್ಷಿಣ ಭಾರತದಲ್ಲಿ ಕಾರ್ನಿಯಾ ಹುಣ್ಣಿಗೆ ಬ್ಯಾಕ್ಟೀರಿಯಾ ಎಷ್ಟು ಕಾರಣವೋ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯೂ ಹೆಚ್ಚುಕಡಿಮೆ ಅಷ್ಟೇ ಕಾರಣ. ಗದ್ದೆಯ ಗಾಯವಾದರೆ ಅದರ ಅನುಮಾನ ಇನ್ನೂ ಜಾಸ್ತಿ. ಎರಡಕ್ಕೂ ಔಷಧ ಬೇರೆ.

ಬ್ಯಾಕ್ಟೀರಿಯಾ ಅಂತ ಗೊತ್ತಾದರೆ ಆಂಟಿಬಯಾಟಿಕ್ ಹನಿಯನ್ನು ಮೊದಲ ಒಂದೆರಡು ದಿನ ಗಂಟೆಗೊಮ್ಮೆ, ರಾತ್ರಿಯೂ ಎದ್ದು ಹಾಕಬೇಕಾಗುತ್ತದೆ. ನಮ್ಮ ಅತ್ತೆ ಮೊಬೈಲಲ್ಲಿ ಅಲಾರಂ ಇಟ್ಟುಕೊಂಡು ಹಾಕಿದರು. ಕಣ್ಣೀರು ಔಷಧವನ್ನು ಕೆಲವೇ ನಿಮಿಷದಲ್ಲಿ ತೊಳೆದುಬಿಡುತ್ತದೆ, ರಕ್ತದ ಮೂಲಕ ಮಾತ್ರೆ ಕಳಿಸೋಣ ಅಂದರೆ ಅಲ್ಲಿ ರಕ್ತನಾಳವಿಲ್ಲ. ಹೀಗಾಗಿ ಮೇಲಿಂದ ಮೇಲೆ ಹನಿ.

ಹಾಗಾದರೆ ನಮ್ಮ ಪಡೆಯ ಆರ್ಭಟ ತಗ್ಗಿಸಲು ಸ್ಟೀರಾಯ್ಡ್ ಹನಿ ಹಾಕಿದರೆ ಆಗದಾ? ತಜ್ಞರಿಗೂ ಬಹಳ ಕಾಲ ಕಾಡಿದ ಪ್ರಶ್ನೆ ಇದು. ಬಹುಪಾಲು ತಮಿಳುನಾಡಿನ ಅರವಿಂದ್ ಕಣ್ಣಾಸ್ಪತ್ರೆಗಳಲ್ಲಿ, ಬ್ಯಾಕ್ಟೀರಿಯಾ ಹುಣ್ಣಾದ 500 ಜನರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಎಲ್ಲರಿಗೂ 48 ಗಂಟೆ ಆಂಟಿಬಯಾಟಿಕ್ ಕೊಟ್ಟ ಮೇಲೆ, ಅರ್ಧ ಜನಕ್ಕೆ ಸ್ಟೀರಾಯ್ಡ್, ಅರ್ಧ ಜನಕ್ಕೆ ಔಷಧವಿಲ್ಲದ ಹನಿ ಹಾಕಿದರು. 2012ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳಾದ ಮೇಲೆ ಒಟ್ಟಾರೆ ನೋಟದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. ತೀರಾ ಕೆಟ್ಟ ಸ್ಥಿತಿಯಲ್ಲಿ ಬಂದವರಿಗೆ ಮಾತ್ರ ಸ್ವಲ್ಪ ಲಾಭ ಆದಂತೆ ಕಂಡಿತು. ಅಂದರೆ ತಜ್ಞರ ಕೈಯಲ್ಲಿ, ಬ್ಯಾಕ್ಟೀರಿಯಾ ಸಾಯುತ್ತಿದೆ ಅಂತ ಖಾತ್ರಿಯಾದ ಮೇಲೆ, ಆಯ್ದ ಕೆಲವರಿಗೆ ಅದು ಆಗಬಹುದು. ಕಾರಣ ಶಿಲೀಂಧ್ರವಾಗಿದ್ದರೆ ಸ್ಟೀರಾಯ್ಡ್ ಅದಕ್ಕೆ ಗೊಬ್ಬರ ಹಾಕಿದಷ್ಟೇ ಕೆಟ್ಟದ್ದು. ತೂಬು ಪೂರ್ತಿ ಮುಚ್ಚಿ, ಹುಳಕ್ಕೆ ಗದ್ದೆ ಬಿಟ್ಟುಕೊಟ್ಟ ಹಾಗೆ.

ಇನ್ನೂ ಕೆಟ್ಟ ವಿಷಯ ಅಂದರೆ, ಸ್ಟೀರಾಯ್ಡ್ ಹಾಕಿದ ಮೊದಲ ದಿನ ಕಣ್ಣಿನ ಕೆಂಪು ಇಳಿಯುತ್ತದೆ, ಹಾಯೆನಿಸುತ್ತದೆ. ಪಡೆ ವಾಪಸ್ ಹೋದದ್ದಕ್ಕೆ ಕೆಂಪು ಇಳಿದಿರುತ್ತದೆ, ಹುಳ ಅಲ್ಲೇ ಇರುತ್ತದೆ. ಜನ ವಾಸಿಯಾಗುತ್ತಿದೆ ಅಂದುಕೊಂಡು ಇನ್ನೆರಡು ದಿನ ಕಾಯುತ್ತಾರೆ.

ಮಾವನ ಮಸುಕಿಗೆ ಈಗ ಉತ್ತರ ಹೇಳಬಹುದು. ಹುಳ ಸತ್ತಿದೆ, ಪಡೆ ವಾಪಸ್ ಹೋಗಿದೆ. ಹುಣ್ಣು ಇದ್ದ ಕಡೆ ಎಳೆಗಳ ಸಾಲು ಕೆಟ್ಟಿದೆ. ಕಾರ್ನಿಯಾದ ಎಳೆ ಮಾಡುವ ಕೋಶಗಳು ಅವಸರದಲ್ಲಿ ಹೊಸ ಎಳೆ ತುಂಬಿ ತೂತು ಮುಚ್ಚಿವೆ. ಸದ್ಯಕ್ಕೆ ಅದು ಚೆಲ್ಲಿ ನೆಟ್ಟ ಪೈರು. ತಿಂಗಳುಗಟ್ಟಲೆ ಅವೇ ಕೋಶಗಳು ಕೆಟ್ಟ ಎಳೆ ತೆಗೆದು ಸಾಲು ಸರಿಮಾಡಲು ನೋಡುತ್ತವೆ. ಕಲೆ ತೆಳುವಾಗುತ್ತದೆ, ಪೂರ್ತಿ ಹೋಗದಿರಬಹುದು. ಮಾವನದು ಪಾಪೆಯ ನೇರಕ್ಕೆ ಇಲ್ಲ, ಪಕ್ಕಕ್ಕೆ ಇದೆ. ಅಷ್ಟು ಪುಣ್ಯ.

ಗದ್ದೆಯಲ್ಲಿ ಕಣ್ಣಿಗೆ ಏಟು ಬಿದ್ದರೆ

ಮದುರೈ ಜಿಲ್ಲೆಯಲ್ಲಿ ಲೆಕ್ಕ ಹಾಕಿದಾಗ ವರ್ಷಕ್ಕೆ ಲಕ್ಷ ಜನರಲ್ಲಿ 113 ಮಂದಿಗೆ ಕಾರ್ನಿಯಾ ಹುಣ್ಣು ಆಗುತ್ತಿತ್ತು. ಅಮೆರಿಕದ ಒಂದು ಕಡೆ ಅದೇ ಲೆಕ್ಕ 11. ಹತ್ತು ಪಟ್ಟು ವ್ಯತ್ಯಾಸ. ನಮ್ಮ ಬಯಲೂ ಮದುರೈ ಹಾಗೆ ಬೇಸಾಯದ ನಾಡೇ ಅಲ್ವಾ.

ಸಮಾಧಾನದ ಸಂಗತಿ ನೇಪಾಳದ ಭಕ್ತಪುರದಿಂದ ಇದೆ. ಅಲ್ಲಿ ಹಳ್ಳಿಯಲ್ಲೇ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು, ಕಾರ್ನಿಯಾ ತರಚಿದವರನ್ನು ಗುರುತಿಸಿ ಮೂರು ದಿನ ಆಂಟಿಬಯಾಟಿಕ್ ಮುಲಾಮು ಹಾಕಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಗಾಯವಾದ 18 ಗಂಟೆಯೊಳಗೆ ಮುಲಾಮು ಶುರುಮಾಡಿದ ಒಬ್ಬರಿಗೂ ಹುಣ್ಣಾಗಲಿಲ್ಲ. ಮೇಲ್ಪದರ ಮತ್ತೆ ಮುಚ್ಚಿಕೊಳ್ಳಲು ಬೇಕಾದ ಸಮಯ ಸಿಕ್ಕಿದರೆ ಉಳಿದದ್ದನ್ನು ಕಣ್ಣು ತಾನೇ ನೋಡಿಕೊಳ್ಳುತ್ತದೆ. ಬೆಳಗ್ಗೆ ಗರಿ ಬಡಿದರೆ ರಾತ್ರಿಯೊಳಗೆ, ಸಂಜೆ ಬಡಿದರೆ ಮಾರನೇ ಬೆಳಗ್ಗೆಯೇ ತೋರಿಸಬೇಕು ಅಂತ ಲೆಕ್ಕ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಕಣ್ಣಿನ ವಿಭಾಗ ಇದೆ.

ಅಲ್ಲಿಗೆ ಹೋಗುವವರೆಗೆ ಉಜ್ಜಬೇಡಿ. ನಾಲೆ ನೀರು, ಗದ್ದೆ ನೀರು ಬೇಡ. ಕುಡಿಯುವ ನೀರಲ್ಲಿ ತೊಳೆಯಿರಿ. ಸೆರಗಿನ ತುದಿಯಿಂದ, ನಾಲಿಗೆಯಿಂದ ಕಸ ತೆಗೆಸುವುದು, ಸೊಪ್ಪಿನ ರಸ, ಹರಳೆಣ್ಣೆ, ಎದೆಹಾಲು ಹಾಕುವುದು ಯಾವುದೂ ಬೇಡ. ಹರಿದ ಏರಿಯ ಮೇಲೆ ಹೊಸ ಹುಳ ಸುರಿದ ಹಾಗೆ ಅದು. ಬಟ್ಟೆ ಕಟ್ಟಿ ಬಿಗಿಯಾಗಿ ಮುಚ್ಚಬೇಡಿ. ರೆಪ್ಪೆ ಗುಡಿಸುವುದು ನಿಲ್ಲುತ್ತದೆ, ಕಾವು ಏರುತ್ತದೆ.

ಮದ್ರಾಸ್ ಐಗೂ ಇದಕ್ಕೂ ವ್ಯತ್ಯಾಸ ಹೀಗೆ. ಮದ್ರಾಸ್ ಐ ಸಾಮಾನ್ಯವಾಗಿ ಒಂದು ಕಣ್ಣಿಂದ ಇನ್ನೊಂದಕ್ಕೆ, ಒಬ್ಬರಿಂದ ಮನೆಮಂದಿಗೆ ಹರಡುತ್ತದೆ. ಗೀಜು, ಚುಚ್ಚು ಜಾಸ್ತಿ, ದೃಷ್ಟಿ ಹೆಚ್ಚಾಗಿ ಕೆಡುವುದಿಲ್ಲ. ಹುಣ್ಣಾದರೆ ಒಂದೇ ಕಣ್ಣು, ಜೋರು ನೋವು, ಬೆಳಕು ಕಂಡರೆ ಆಗುವುದಿಲ್ಲ, ಮಸುಕು, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ. ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ.

ಇನ್ನೊಂದು ಮಾತು. ಆಸ್ಪತ್ರೆಗೆ ಹೋಗುವಾಗ, ಅದಕ್ಕೂ ಮೊದಲು ಏನು ಹನಿ ಹಾಕಿದ್ದಿರೋ ಆ ಬಾಟಲಿಯನ್ನು ಜೇಬಲ್ಲಿಟ್ಟುಕೊಂಡು ಹೋಗಿ. ಮಾವ ಅದನ್ನು ಎಸೆದುಬಿಟ್ಟಿದ್ದರು. ಡಾಕ್ಟರು ಫೋನಿನಲ್ಲಿ ಮತ್ತೆ ಮತ್ತೆ ಕೇಳಿದರು ಅಂತ, ರಾತ್ರಿ ನಾನೂ ಅತ್ತೆಯೂ ಟಾರ್ಚ್ ಹಿಡಿದು ಹಿತ್ತಲ ತಿಪ್ಪೆಯಲ್ಲಿ ಹುಡುಕಿದೆವು. ಕಬ್ಬಿನ ಸಿಪ್ಪೆಯ ಕೆಳಗೆ ಸಿಕ್ಕಿತು. ಸಣ್ಣ ಅಕ್ಷರದಲ್ಲಿ ಬರೆದಿತ್ತು: ಡೆಕ್ಸಾಮೆಥಾಸೋನ್. ಸ್ಟೀರಾಯ್ಡ್.